ನೀರಿನ ದಾರಿ, ನಗರದ ಸಂಚಾರ

ಮನುಷ್ಯನ ದೇಹಕ್ಕೆ ರಕ್ತಸಂಚಾರ ಹೇಗೋ ನಗರಕ್ಕೆ ಜನಸಂಚಾರ ಹಾಗೆ. ಅದಕ್ಕೆ ತಡೆಯುಂಟಾದರೆ ಕೂಲಿಗೆ ಹೊರಟವನು ಸಮಯಕ್ಕೆ ತಲುಪಲಾರ. ರೋಗಿ ಆಸ್ಪತ್ರೆಯನ್ನು ಮುಟ್ಟಲಾರ. ಹಾಗಾದರೆ ರಸ್ತೆಯನ್ನು ಅಗಲ ಮಾಡಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಅಗಲವಾದ ರಸ್ತೆಗೆ ಇನ್ನಷ್ಟು ಕಾರುಗಳು ಬಂದು ಸೇರುತ್ತವೆಂಬುದು ಅನೇಕ ನಗರಗಳ ಅನುಭವ. ಆದುದರಿಂದ ನಗರ ಯೋಜನೆಯನ್ನು ಮಾಡುವವರು ವಾಹನಗಳನ್ನು ಎಣಿಸುವ ಮೊದಲು ಜನರನ್ನು ಎಣಿಸಬೇಕು. ಅವರನ್ನು ಸಾಗಿಸಲು ಎಷ್ಟು ಶಕ್ತಿ ವ್ಯಯವಾಗುತ್ತದೆಂಬುದನ್ನೂ ಲೆಕ್ಕ ಹಾಕಬೇಕು.

ನಮ್ಮ ಕೇರಳ ರಾಜ್ಯದ ಕೊಚ್ಚಿ ನಗರದಲ್ಲಿ ಇಂತಹ ಒಂದು ಪ್ರಯತ್ನ ನಡೆದಿದೆ. ಕೊಚ್ಚಿಯು ಹಿನ್ನೀರು ಮತ್ತು ದ್ವೀಪಗಳ ನಗರ. ದ್ವೀಪವಾಸಿಗಳು ತಲೆತಲಾಂತರದಿಂದ ದೋಣಿಯನ್ನೇ ನೆಚ್ಚಿಕೊಂಡಿದ್ದರು. 2004ರಲ್ಲಿ ಗೋಶ್ರೀ ಸೇತುವೆಗಳಾದ ಮೇಲೆ ವೈಪಿನ್ ದ್ವೀಪದವರಿಗೆ ರಸ್ತೆ ದೊರೆಯಿತು, ಪ್ರಯಾಣ ಸುಲಭವಾಯಿತು. ಆದರೆ ನಗರದ ರಸ್ತೆಗಳ ಮೇಲಿನ ಭಾರವೂ ಬೆಳೆಯುತ್ತ ಹೋಯಿತು. 2017ರಲ್ಲಿ ಮೆಟ್ರೋ ರೈಲು ಬಂತು. 2023ರ ಏಪ್ರಿಲಿನಲ್ಲಿ ಜಲ ಮೆಟ್ರೋ ಆರಂಭವಾಯಿತು. 10 ದ್ವೀಪಗಳನ್ನು 38 ಜೆಟ್ಟಿಗಳ ಮೂಲಕ ಜೋಡಿಸಿ 78 ಬೋಟುಗಳನ್ನು ಓಡಿಸುವುದು ಇದರ ಪೂರ್ಣ ಯೋಜನೆ.

ಈ ಬೋಟುಗಳು ಮುಖ್ಯವಾಗಿ ಬ್ಯಾಟರಿಯ ವಿದ್ಯುತ್ತಿನಿಂದ ಓಡುತ್ತವೆ. ಆಪತ್ಕಾಲಕ್ಕೆಂದು ಡೀಸೆಲ್ ಜನರೇಟರೂ ಇದೆ. ಬೋಟು ಭಾರವಾದಷ್ಟೂ ನೀರಿನಲ್ಲಿ ಹೆಚ್ಚು ಮುಳುಗುತ್ತದೆ, ನೀರಿನ ತಡೆಯೂ ಹೆಚ್ಚುತ್ತದೆ. ಆದುದರಿಂದ ಇವುಗಳನ್ನು ಹಗುರವಾದ ಅಲ್ಯುಮಿನಿಯಮಿನಿಂದ, ಜೋಡಿ ದೋಣಿಯಂತೆ ಎರಡು ಒಡಲುಗಳನ್ನಿಟ್ಟು ಕಟ್ಟಲಾಗಿದೆ. ಜನ ಇಳಿದು ಹತ್ತುವ ಬಿಡುವಿನಲ್ಲಿ ಜೆಟ್ಟಿಯಲ್ಲಿಯೇ ಬ್ಯಾಟರಿಯನ್ನು ತುಂಬಿಸಿಕೊಳ್ಳಬಹುದು.

ಒಂದು ದೊಡ್ಡ ಬೋಟಿನಲ್ಲಿ 100 ಮಂದಿ ಹೋಗಬಹುದು. ಅಷ್ಟೇ ಜನರು ಕಾರಿಗಿಬ್ಬರಂತೆ ಹೊರಟರೆ 50 ಕಾರುಗಳು ಬೇಕು. ಒಂದೊಂದು ಕಾರಿಗೆ ಎಡೆಯೂ ಸೇರಿ 6 ಮೀಟರು ಹಿಡಿದರೂ 300 ಮೀಟರು ರಸ್ತೆ ತುಂಬಿಹೋಗುತ್ತದೆ! ನೀರಿಗಾದರೋ ಡಾಮರು ಹಾಕುವ ಕೆಲಸವಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೋಟಿನಲ್ಲಿ ಹೊಗೆಯಿಲ್ಲ, ಸರಿ. ಆದರೆ ಆ ವಿದ್ಯುತ್ತು ಎಲ್ಲಿಂದ ಬಂತು? ಕಲ್ಲಿದ್ದಲನ್ನು ಸುಟ್ಟು ಪಡೆದುದಾದರೆ ಹೊಗೆಯು ಕೊಚ್ಚಿಯನ್ನು ಬಿಟ್ಟು ಬೇರೊಂದು ಊರಿನ ಆಕಾಶವನ್ನು ಸೇರಿತೆಂದೇ ಅರ್ಥ. ಇದಕ್ಕೆ ಉತ್ತರವೂ ಕೇರಳದಲ್ಲಿದೆ. ಕೊಚ್ಚಿಯ ವಿಮಾನ ನಿಲ್ದಾಣವು 2015ರಿಂದ ತನಗೆ ಬೇಕಾದಷ್ಟು ವಿದ್ಯುತ್ತನ್ನು ಸೂರ್ಯನ ಬೆಳಕಿನಿಂದ ಉತ್ಪಾದಿಸತೊಡಗಿತು. 2017ರ ಜನವರಿಯಲ್ಲಿ ವೈಕಂ ಮತ್ತು ತವಣಕ್ಕಡವುಗಳ ನಡುವೆ 75 ಮಂದಿಯನ್ನು ಒಯ್ಯುವ 'ಆದಿತ್ಯ' ಎಂಬ ಸೌರ ಬೋಟು ವೇಂಬನಾಡು ಕಾಯಲಿಗೆ ಇಳಿಯಿತು. ಅದರ ಮಾಡಿನ ಮೇಲೆಯೇ ಸೌರ ಫಲಕಗಳಿವೆ.

ಇನ್ನೊಂದು ಮಾತನ್ನೂ ಮರೆಯಬಾರದು. ಬೋಟು ಎಷ್ಟು ಚೆಂದವಾಗಿದ್ದರೂ ಅದರ ದರವು ಮೀನು ಮಾರುವವಳ, ಕೂಲಿಯವನ ಕೈಗೆಟುಕಬೇಕು. ಜೆಟ್ಟಿಯಿಂದ ಮನೆಗೆ ನಡೆದುಹೋಗಲು ಒಳ್ಳೆಯ ಕಾಲುದಾರಿ ಅಥವಾ ಬಸ್ಸು ಇರಬೇಕು. ಇಲ್ಲದಿದ್ದರೆ ಅದು ಪ್ರವಾಸಿಗರ ವಿಹಾರವಾಗಿ ಉಳಿದೀತು.

ಎಲ್ಲ ಊರುಗಳಿಗೂ ಹಿನ್ನೀರಿಲ್ಲ. ಆದರೆ ಪ್ರತಿ ಊರಿಗೂ ಅದರದೇ ಆದ ಅನುಕೂಲವಿದೆ: ಒಂದಕ್ಕೆ ರೈಲುದಾರಿ, ಇನ್ನೊಂದಕ್ಕೆ ಸೈಕಲ್ಲಿಗೆ ಒಪ್ಪುವ ಸಮತಟ್ಟು ನೆಲ, ಮತ್ತೊಂದಕ್ಕೆ ತಪ್ಪದೆ ಬರುವ ಬಸ್ಸು. ಇರುವುದನ್ನು ಗುರುತಿಸಿ, ಎಲ್ಲರಿಗೂ ಒದಗುವಂತೆ ಬಳಸುವುದೇ ನಗರ ಯೋಜನೆಯ ಮೊದಲ ಪಾಠ. ನಾಳೆ ಊರುಗಳನ್ನು ಕಟ್ಟಬೇಕಾದ ವಿದ್ಯಾರ್ಥಿಗಳು ಈ ಪಾಠವನ್ನು ಇಂದೇ ಕಲಿಯಲಿ.