ಮಾಸ್ತಿ ಸೀಮೆಯ ಕಲ್ಲು, ಕೆರೆ, ನೀರು

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ದಕ್ಷಿಣ ಭಾಗದಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರದಲ್ಲಿ ಮಾಸ್ತಿ ಇದೆ. ಸುತ್ತಲಿನ ಹಳ್ಳಿಗಳಿಗೆ ಇದೇ ಹೋಬಳಿ ಕೇಂದ್ರ. ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1891ರಲ್ಲಿ ಹುಟ್ಟಿದ ಹೊಂಗೇನಹಳ್ಳಿಯೂ ಇದೇ ತಾಲ್ಲೂಕಿನದು. ಗಡಿಸೀಮೆಯಾದ್ದರಿಂದ ಇಲ್ಲಿ ಕನ್ನಡದ ಜೊತೆ ತೆಲುಗು, ತಮಿಳೂ ಕೇಳಿಬರುತ್ತವೆ.

ಈ ನೆಲದ ಅಡಿಯಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯದಾದ ನೈಸ್ ಮತ್ತು ಗ್ರಾನೈಟ್. ಗಟ್ಟಿ ಕಲ್ಲು ನೀರನ್ನು ಹೀರುವುದಿಲ್ಲ. ಮಳೆನೀರು ತಂಗುವುದು ಮೇಲಿನ ಕೆಂಪು ಮಣ್ಣು, ಅದರ ಕೆಳಗಿನ ಶಿಥಿಲವಾದ ಕಲ್ಲಿನ ಪದರ, ಇನ್ನೂ ಆಳದ ಬಿರುಕುಗಳಲ್ಲಿ ಮಾತ್ರ. ಒಂದು ಹೊಲದಲ್ಲಿ ನೀರು ಸಿಕ್ಕಿ ಪಕ್ಕದ ಹೊಲದ ಕೊಳವೆಬಾವಿ ಬತ್ತಿಹೋಗುವುದಕ್ಕೆ ಇದೇ ಕಾರಣ.

ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಶ್ಚಿಮಕ್ಕೆ ದಕ್ಷಿಣ ಪಿನಾಕಿನಿ, ಪೂರ್ವಕ್ಕೆ ಬೂದಿಕೋಟೆಯ ಬಳಿ ಜಲಾಶಯ ಕಟ್ಟಿರುವ ಮಾರ್ಕಂಡೇಯ. ಎರಡೂ ಮಳೆ ನಂಬಿದ ಹೊಳೆಗಳು. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್. ಅತಿ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಕೆಲವೇ ವಾರಗಳ ನೀರನ್ನು ಹಿಡಿದಿಡಲು ಹಿಂದಿನವರು ಇಳಿಜಾರಿಗೆ ಅಡ್ಡವಾಗಿ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚುವ ಹೊಣೆ ನೀರುಗಂಟಿಯದು. ಹಳ್ಳಿ, ಕೆರೆ, ಅದರ ಕೆಳಗೆ ಗದ್ದೆ, ಎತ್ತರದಲ್ಲಿ ರಾಗಿ ಹೊಲ: ಊರುಗಳು ಬೆಳೆದದ್ದು ಈ ಕ್ರಮದಲ್ಲೇ. ಸದಾ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಇದಕ್ಕಿಂತ ಜಾಣ ಏರ್ಪಾಡು ಸಿಗುವುದು ಕಷ್ಟ.

ಕೆರೆಯಂಗಳದ ಜೇಡಿಮಣ್ಣು ಮಾಲೂರಿನ ಹೆಂಚು, ಇಟ್ಟಿಗೆಗಳಿಗೆ ಹೆಸರು ತಂದಿತು. ಇಲ್ಲಿ ಬೆಳೆಯುವ ತರಕಾರಿ, ಹೂವುಗಳಿಗೆ ಬೆಂಗಳೂರು ಹತ್ತಿರದ ಮಾರುಕಟ್ಟೆ.

ಕೊಳವೆಬಾವಿ ಬಂದ ಮೇಲೆ ಕೆರೆಯ ಕಡೆ ಗಮನ ಕಡಿಮೆಯಾಯಿತು. ಕಾಲುವೆಗಳು ಒತ್ತುವರಿಯಾದವು, ಹೂಳು ತುಂಬಿತು. ತಾಲ್ಲೂಕಿನಲ್ಲಿ ಅಂತರ್ಜಲ ಹೀರುವ ನೀಲಗಿರಿಯ ತೋಪುಗಳು ಹಬ್ಬಿದವು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಜಿಲ್ಲೆಯಲ್ಲಿ ಸಾವಿರ ಅಡಿ ಮೀರಿ ಕೊರೆದರೂ ನೀರು ಸಿಗದ ಜಾಗಗಳಿವೆ, ಸಿಕ್ಕ ಕಡೆ ಹಲವೆಡೆ ಫ್ಲೋರೈಡ್ ಹೆಚ್ಚು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಅಂತರ್ಜಲ ಮರುಪೂರಣ ಅದರ ಉದ್ದೇಶ. ಆ ನೀರೂ ಕೆರೆಯಿಂದ ಕೆರೆಗೆ ಸಾಗುವುದು ಬಹುಮಟ್ಟಿಗೆ ಹಳೆಯ ಕೋಡಿ, ಕಾಲುವೆಗಳ ಮೂಲಕವೇ.