ನರ ತಣಿಸುವ ಬೇರು, ನಿದ್ದೆ ಬರಿಸುವ ಗುಳಿಗೆ

ನಮ್ಮ ಕೃಷಿಪುಟದ ವಾಚಕರಲ್ಲಿ ಅನೇಕರು ಅಶ್ವಗಂಧ, ಸರ್ಪಗಂಧ ಮೊದಲಾದ ಔಷಧಿ ಬೆಳೆಗಳ ವಿಷಯವಾಗಿ ವಿಚಾರಿಸುವುದುಂಟು. ಬೆಳೆಯುವ ಕ್ರಮವನ್ನು ಕೇಳುವವರು ಕೆಲವರಾದರೆ, “ಮನೆಯಲ್ಲಿ ಒಬ್ಬರಿಗೆ ನರದ ದೌರ್ಬಲ್ಯವಿದೆ, ನಿದ್ದೆಯಿಲ್ಲ, ಈ ಬೇರು ಕೊಡಬಹುದೇ?” ಎಂದು ಕೇಳುವವರು ಹಲವರು. ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇವೆ. ಹಾಗೆ ಬರೆಯಲು ಒಂದು ಕಾರಣವೂ ಇದೆ. ಈ ವಿಷಯದಲ್ಲಿ ನಾವೇ ಒಂದು ದೊಡ್ಡ ತಪ್ಪು ಮಾಡಿದವರು. ಅದನ್ನು ಮುಚ್ಚಿಟ್ಟು ಪರರಿಗೆ ಬುದ್ಧಿ ಹೇಳುವುದು ಸರಿಯಲ್ಲ.

ಮಂಗೋರ್ ಹಿಲ್‌ನ ಮನೆ

ಗೋವೆಯ ವಾಸ್ಕೋ ಪಟ್ಟಣದಲ್ಲಿ ಮಂಗೋರ್ ಹಿಲ್ ಎಂಬ ಗುಡ್ಡವಿದೆ. ಮುರಗಾಂವ್ ಬಂದರಿನ ಕೆಲಸಕ್ಕೆ, ಗೌಂಡಿ ಕೆಲಸಕ್ಕೆ, ಹಮಾಲಿಗೆ ಎಂದು ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ಬಂದ ನಮ್ಮ ಜನ ವಾಸ್ಕೋದಲ್ಲಿ ಬಹಳ. ಈ ಗುಡ್ಡದ ಓಣಿಗಳಲ್ಲಿಯೂ ಕನ್ನಡ ಕಿವಿಗೆ ಬೀಳುತ್ತದೆ. ನಮ್ಮ ಅಕ್ಕನ ಸಂಸಾರವೂ ಅಲ್ಲಿಯೇ ಇದೆ.

2020ರ ಜೂನ್ ತಿಂಗಳ ಆರಂಭದಲ್ಲಿ ಕೋವಿಡ್ ರೋಗ ಆ ಗುಡ್ಡಕ್ಕೆ ಹತ್ತಿತು. ಗೋವೆಯಲ್ಲೇ ಮೊಟ್ಟಮೊದಲು ನಿರ್ಬಂಧಿತ ವಲಯವೆಂದು ಬೇಲಿ ಹಾಕಿಸಿಕೊಂಡ ಜಾಗ ಅದು. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ದಿನಗೂಲಿಯ ಜನಕ್ಕೆ ರೋಗದ ಭಯ ಒಂದು ಕಡೆ, ಕೂಲಿ ನಿಂತ ಚಿಂತೆ ಇನ್ನೊಂದು ಕಡೆ. ಬೇಲಿ ತೆಗೆದ ಮೇಲೂ ಅಕ್ಕನ ಮನಸ್ಸಿನ ಬೇಲಿ ತೆಗೆಯಲಿಲ್ಲ. ನೆರೆಯವಳೊಬ್ಬಳು ತನ್ನ ಗುಳಿಗೆಯಲ್ಲಿ ಅರ್ಧ ಮುರಿದು ಕೊಟ್ಟಳು. ಅಂದು ನಿದ್ದೆ ಬಂತು. ಅರ್ಧ ಹೋಗಿ ಒಂದಾಯಿತು, ಒಂದು ಹೋಗಿ ಎರಡಾಯಿತು. ವೈದ್ಯರ ಚೀಟಿಯಿಲ್ಲದೆಯೇ ಒಂದು ಅಂಗಡಿಯಲ್ಲಿ ಗುಳಿಗೆ ಸಿಗುತ್ತಿತ್ತು. ಹೀಗೆ ಒಂದೂವರೆ ವರ್ಷಕ್ಕೂ ಮೇಲೆ ನಡೆಯಿತು.

2022ರ ಬೇಸಿಗೆ ಸೂಟಿಯಲ್ಲಿ ನಾವು ಅಲ್ಲಿಗೆ ಹೋದಾಗ ಅಕ್ಕ ಹೇಳಿದಳು: “ತಮ್ಮಾ, ರಾತ್ರಿಯೆಲ್ಲಾ ಎದಿ ಡಬಡಬ ಬಡಕೋತೈತಿ. ಯಾರೋ ಬಾಗಲಾ ಬಡದಂಗ ಆಗತೈತಿ. ಈ ಗುಳಿಗಿ ನುಂಗಿದ್ರ ಅಷ್ಟ ಕಣ್ಣ ಹತ್ತತಾವ.”

ನಮ್ಮ ಚೀಲದಲ್ಲಿ ನಮ್ಮದೇ ಹೊಲದ ಬದುವಿನಿಂದ ಕಿತ್ತು, ಒಣಗಿಸಿ, ಕುಟ್ಟಿದ ಅಶ್ವಗಂಧದ ಪುಡಿ ಇತ್ತು. “ಅಕ್ಕಾ, ಆ ಇಂಗ್ಲಿಷ್ ಗುಳಿಗಿ ಒಗದಬಿಡು. ಇದು ನಮ್ಮ ಮಣ್ಣಿನ ಬೇರು, ಏನೂ ಆಗೂದಿಲ್ಲ” ಎಂದೆವು. ಮಾಸ್ತರಿಕೆಯ ಮಾತಿಗೆ ಅಕ್ಕ ಎದುರಾಡಲಿಲ್ಲ. ಗುಳಿಗೆಯ ಪಟ್ಟಿಯನ್ನು ನಮ್ಮ ಕೈಯಿಂದಲೇ ಕಸಕ್ಕೆ ಹಾಕಿದೆವು.

ಮೊದಲ ರಾತ್ರಿ ನಿದ್ದೆಯಿಲ್ಲ. ಎರಡನೆಯ ದಿನ ಕೈ ನಡುಕ, ಬೆವರು. ಮೂರನೆಯ ದಿನ ಬೆಳಿಗ್ಗೆ ಒಲೆಯ ಮುಂದೆಯೇ ಮೂರ್ಛೆ ಬಂದು ಬಿದ್ದಳು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಆಸ್ಪತ್ರೆಯಲ್ಲಿ ವೈದ್ಯರು ಎಲ್ಲವನ್ನೂ ಕೇಳಿದ ಮೇಲೆ ಹೇಳಿದ್ದಿಷ್ಟು: ಮೂರ್ಛೆ ತರಿಸಿದ್ದು ಬೇರಲ್ಲ, ಗುಳಿಗೆಯನ್ನು ಹಠಾತ್ತಾಗಿ ನಿಲ್ಲಿಸಿದ್ದು. ನಿಲ್ಲಿಸಿದವರು ಯಾರು? ನಾವು.

ಗುಳಿಗೆಯ ಸ್ವಭಾವ

ಆ ಗುಳಿಗೆ ಆಲ್ಪ್ರಜೋಲಾಮ್. ಡಯಾಜೆಪಾಮ್, ಲೋರಾಜೆಪಾಮ್, ಕ್ಲೋನಾಜೆಪಾಮ್ ಇವೆಲ್ಲ ಅದೇ ಮನೆತನದವು. ಈ ಮನೆತನದ ಮೊದಲ ಔಷಧ 1960ರಲ್ಲಿ ಪೇಟೆಗೆ ಬಂತು, ಡಯಾಜೆಪಾಮ್ 1963ರಲ್ಲಿ. ನಮ್ಮ ಮೆದುಳಿನಲ್ಲಿಯೇ ನರಗಳ ಓಟಕ್ಕೆ ತಡೆಹಾಕುವ ಒಂದು ರಸವಿದೆ, ಅದಕ್ಕೆ ಗಾಬಾ ಎಂದು ಹೆಸರು. ಚಕ್ಕಡಿ ಇಳಿಜಾರಿನಲ್ಲಿ ಓಡುವಾಗ ಎತ್ತನ್ನು ಹಿಂದಕ್ಕೆ ಹಿಡಿಯುವ ಹಗ್ಗವಿದ್ದಂತೆ ಅದು. ಈ ಗುಳಿಗೆಗಳು ಆ ಹಗ್ಗವನ್ನು ಇನ್ನಷ್ಟು ಬಿಗಿಯುತ್ತವೆ. ದಿನವೂ ಗುಳಿಗೆಯೇ ಹಗ್ಗ ಬಿಗಿಯುತ್ತಾ ಹೋದರೆ ಮೆದುಳು ತನ್ನ ಕೈಬಲವನ್ನು ಸಡಿಲಿಸುತ್ತದೆ. ಆಗ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಚಕ್ಕಡಿಯನ್ನು ಹಿಡಿಯುವವರೇ ಇಲ್ಲ. ನಡುಕ, ದಿಗಿಲು, ಕೆಲವರಿಗೆ ಮೂರ್ಛೆ. ಪ್ರಾಣಕ್ಕೇ ಅಪಾಯ ಬಂದರೂ ಬಂತು.

ಹಾಗೆಂದು ಈ ಗುಳಿಗೆಗಳನ್ನು ಶಪಿಸಬೇಕಾಗಿಲ್ಲ. ಮೂರ್ಛೆಯ ರೋಗಿಗೆ, ತಡೆಯಲಾರದ ದಿಗಿಲು ಹಿಡಿದವರಿಗೆ, ಶಸ್ತ್ರಕ್ರಿಯೆಯ ಮುಂಚೆ ಇವುಗಳ ಉಪಕಾರ ದೊಡ್ಡದು. ಕೆಲವು ದಿನ, ಕೆಲವು ವಾರ, ವೈದ್ಯರ ಅಳತೆಯಲ್ಲಿ ತೆಗೆದುಕೊಂಡರೆ ಇವು ಮದ್ದು. ಅಳತೆ ಮೀರಿ ತಿಂಗಳುಗಟ್ಟಲೆ ಸಾಗಿದರೆ ಮದ್ದೇ ರೋಗ. ಮುದುಕರು ರಾತ್ರಿ ಎದ್ದಾಗ ಜೋಲಿ ಹೊಡೆದು ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವುದು, ಮರೆವು ಹೆಚ್ಚುವುದು ಇವುಗಳಿಂದಲೂ ಉಂಟು. ಸೆರೆಯ ಜೊತೆಗೆ ಸೇರಿದರೆ ಉಸಿರೇ ನಿಂತೀತು.

ಕಾಯ್ದೆಯೂ ಈ ಭಯವನ್ನು ಬಲ್ಲದು. ಆಲ್ಪ್ರಜೋಲಾಮ್, ಡಯಾಜೆಪಾಮ್‌ಗಳನ್ನು ಎಚ್-1 ಎಂಬ ಪಟ್ಟಿಯಲ್ಲಿ ಇರಿಸಿದ್ದಾರೆ. ಅದು 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಅದರಂತೆ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು, ಬರೆದ ವೈದ್ಯರ ಹೆಸರನ್ನು, ರೋಗಿಯ ಹೆಸರನ್ನು ಅಂಗಡಿಯವನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಗುಳಿಗೆಯ ಪಟ್ಟಿಯ ಮೇಲೆ ಕೆಂಪು ಚೌಕದಲ್ಲಿ ಎಚ್ಚರಿಕೆ ಇರುತ್ತದೆ. ಓದು ಬಾರದವರೂ ಆ ಕೆಂಪು ಗುರುತನ್ನು ನೆನಪಿಡಬೇಕು.

ಬೇರಿನಿಂದಲೇ ಹೊರಟ ಕಥೆ

“ಇಂಗ್ಲಿಷ್ ಗುಳಿಗೆ, ನಮ್ಮ ಬೇರು” ಎಂದು ನಾವು ಗೆರೆ ಹಾಕಿದ್ದೂ ತಿಳಿಗೇಡಿತನವೇ. ಮನಸ್ಸನ್ನು ಶಾಂತಗೊಳಿಸುವ ಈ ಕಾಲದ ಔಷಧಗಳ ಸಾಲಿನಲ್ಲಿ ಮೊದಮೊದಲು ಬಂದದ್ದರಲ್ಲಿ ನಮ್ಮ ನೆಲದ ಒಂದು ಬೇರೂ ಇದೆ. ಅದೇ ಸರ್ಪಗಂಧ, ಸೂತ್ರನಾಭಿ ಎಂದೂ ಕರೆಯುತ್ತಾರೆ. ಹುಚ್ಚಿಗೆ, ನಿದ್ರಾಹೀನತೆಗೆ ನಮ್ಮ ವೈದ್ಯರು ಹಿಂದಿನಿಂದಲೂ ಅದನ್ನು ಕೊಡುತ್ತಿದ್ದರು. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ಹುಚ್ಚಿಗೂ ರಕ್ತದ ಒತ್ತಡಕ್ಕೂ ನಡೆಯುವುದೆಂದು ಬರೆದರು. 1949ರಲ್ಲಿ ಮುಂಬಯಿಯ ಹೃದಯವೈದ್ಯ ರುಸ್ತುಂ ಜಾಲ್ ವಕೀಲರು ರಕ್ತದ ಒತ್ತಡದ ರೋಗಿಗಳ ಮೇಲೆ ಕಂಡ ಗುಣವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಸಾರವಾದ ರೆಸರ್ಪಿನ್ ಅನ್ನು ಬೇರ್ಪಡಿಸಿದರು. 1954ರಲ್ಲಿ ನೇಥನ್ ಕ್ಲೈನ್ ಎಂಬ ವೈದ್ಯರು ನ್ಯೂಯಾರ್ಕಿನ ಮನೋರೋಗಿಗಳಿಗೆ ಅದನ್ನು ಕೊಟ್ಟ ವರದಿ ಬಂತು. ಬೇಲಿಯಂಚಿನ ಗಿಡ ಜಗತ್ತೆಲ್ಲ ಸುತ್ತಿತು.

ಆದರೆ ಬಲವಾದ ಮದ್ದಿಗೆ ಬಲವಾದ ಕೆಡುಕೂ ಇರುತ್ತದೆ. ರಕ್ತದ ಒತ್ತಡ ತೀರ ಇಳಿಯುವುದು, ಮೂಗು ಕಟ್ಟುವುದು, ಹೊಟ್ಟೆಹುಣ್ಣು ಕೆರಳುವುದು, ಕೆಲವರಲ್ಲಿ ಮನಸ್ಸು ಕುಗ್ಗಿ ಬದುಕೇ ಬೇಡವೆನಿಸುವುದು, ಇವೆಲ್ಲ ಕಂಡುಬಂದವು. ಇದಕ್ಕಿಂತ ಸುರಕ್ಷಿತವಾದವು ಬಂದ ಮೇಲೆ ಮನೋವೈದ್ಯರು ಇದನ್ನು ಬಹುಮಟ್ಟಿಗೆ ಬಿಟ್ಟರು. ಆದುದರಿಂದ ಸಂತೆಯಲ್ಲಿ ಬಟ್ಟೆ ಹಾಸಿ ಕುಳಿತವನಿಂದ ಸರ್ಪಗಂಧ ಕೊಂಡು ಮನೆಯಲ್ಲಿ ಅರೆದು ಕುಡಿಯುವುದು ಸರ್ವಥಾ ಸಲ್ಲದು.

ಗೋವೆಗೆ ಈ ವಿದ್ಯೆ ಹೊಸದಲ್ಲ. 1563ರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಜ ವೈದ್ಯನು ಗೋವೆಯಲ್ಲಿಯೇ ಅಚ್ಚು ಹಾಕಿಸಿದ ಮೂಲಿಕೆಗಳ ಪುಸ್ತಕದಲ್ಲಿ ಅಫೀಮು, ಭಂಗಿ, ದತ್ತೂರಿಗಳ ವಿಷಯ ಬರೆದಿದ್ದಾನೆ. ದತ್ತೂರಿ ಗಿಡದಲ್ಲಿಯೇ ಹುಟ್ಟಿದ್ದಲ್ಲವೇ? ಗಿಡದ್ದೆಂದ ಮಾತ್ರಕ್ಕೆ ನಿರಪಾಯವಾಗದು.

ಬೆಳೆಯುವವರಿಗೆ

ಇನ್ನು ಬೆಳೆಯ ಮಾತು. ಅಶ್ವಗಂಧ, ನಮ್ಮವರ ಹಿರೇಮದ್ದಿನ ಗಿಡ, ಒಣಭೂಮಿಯ ಬೆಳೆ. ನಮ್ಮ ಜತ್ತ ತಾಲ್ಲೂಕಿನಂಥ ಮಳೆ ಕಡಿಮೆಯ ಸೀಮೆಗೆ ಒಗ್ಗುತ್ತದೆ. ನೀರು ಬಸಿದು ಹೋಗುವ ಹಗುರ ಮಸಬು ಭೂಮಿ ಉತ್ತಮ. ನೀರು ನಿಲ್ಲುವ ಎರೆ ಬೇಡ. ಮಳೆ ಹದ ನೋಡಿ ಜುಲೈ–ಆಗಸ್ಟಿನಲ್ಲಿ ಬಿತ್ತಬೇಕು. ಬೀಜ ಬಹು ಸಣ್ಣದು, ಮರಳಿನಲ್ಲಿ ಬೆರೆಸಿ ಚೆಲ್ಲಬೇಕು. ಎಕರೆಗೆ ನಾಲ್ಕೈದು ಕಿಲೋ ಸಾಕು. ಒಂದು ತಿಂಗಳಿಗೆ ಸಸಿ ತೆಳುಮಾಡಿ ಕಳೆ ತೆಗೆಯಬೇಕು. ಐದಾರು ತಿಂಗಳಿಗೆ ಎಲೆ ಒಣಗಿ ಹಣ್ಣು ಕೆಂಪಾದಾಗ ಗಿಡವನ್ನು ಬೇರುಸಹಿತ ಕಿತ್ತು, ಬೇರನ್ನು ಬೇರೆ ಮಾಡಿ, ಬೆರಳುದ್ದದ ತುಂಡು ಮಾಡಿ ಒಣಗಿಸಬೇಕು. ಎಕರೆಗೆ ಒಂದೂವರೆಯಿಂದ ಎರಡು ಕ್ವಿಂಟಲ್ ಒಣಬೇರು ಬಂದರೆ ಚೆನ್ನಾಗಿ ಬಂದಂತೆ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಈ ಬೇರಿಗೆ ಹೆಸರಾದ ಸೀಮೆ.

ಸರ್ಪಗಂಧಕ್ಕೆ ತಂಪು, ನೆರಳು ಬೇಕು. ಕಾಸರಗೋಡಿನ ತೋಟಿಗರು, ಗೋವೆಯ ಒಳನಾಡಿನವರು ತೋಟದ ಅರೆನೆರಳಿನಲ್ಲಿ ಪರೀಕ್ಷಿಸಬಹುದು. ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಮಳೆಗಾಲದ ಮುಂಚೆ ಮಡಿಯಲ್ಲಿ ಹಾಕಬೇಕು. ಮೊಳೆಯುವುದು ಕಡಿಮೆಯೆಂದು ಎದೆಗುಂದಬಾರದು. ಸಸಿಯನ್ನು ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿಯಂತೆ ನೆಡಬೇಕು. ಒಂದೂವರೆ ವರ್ಷ ಕಳೆದ ಮೇಲೆ ಎಲೆ ಉದುರಿದ ಚಳಿಗಾಲದಲ್ಲಿ ಅಗೆಯಬೇಕು. ಮದ್ದಿನ ಸತ್ತ್ವವೆಲ್ಲ ಬಹುಪಾಲು ಬೇರಿನ ತೊಗಟೆಯಲ್ಲಿದೆ; ತೊಳೆಯುವಾಗ ಅದನ್ನು ಕೆರೆಯಬಾರದು. ಕಾಡಿನ ಸರ್ಪಗಂಧವನ್ನು ಕೀಳಲೇಬಾರದು. ಅದು ಅಳಿವಿನ ಅಂಚಿಗೆ ಬಂದು, 1990ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟ ಗಿಡ.

ಎರಡಕ್ಕೂ ಒಂದೇ ಸೂಚನೆ: ಕೊಳ್ಳುವವನನ್ನು ನಿಶ್ಚಯಿಸಿಕೊಂಡು ಆಮೇಲೆ ಬಿತ್ತಿರಿ. ಬೆಳೆದವನು ಬೇರನ್ನು ಮಾರಬಹುದು, ವೈದ್ಯನಾಗಬಾರದು.

ಮನೆಯ ಮದ್ದು ಎಷ್ಟರ ಮಟ್ಟಿಗೆ?

ಅಶ್ವಗಂಧದ ಬೇರು ಚಿಂತೆಯನ್ನೂ ನಿದ್ರಾಹೀನತೆಯನ್ನೂ ಸ್ವಲ್ಪ ತಗ್ಗಿಸುವುದೆಂದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಬಸುರಿಯರು, ಥೈರಾಯ್ಡ್ ಅಥವಾ ಯಕೃತ್ತಿನ ರೋಗವಿದ್ದವರು ಅದನ್ನು ಮುಟ್ಟಬಾರದು. ನಿದ್ದೆಯ ಗುಳಿಗೆಯ ಜೊತೆಗೆ ಸೇರಿಸಿದರೆ ಮಂಪರು ಇಮ್ಮಡಿಯಾದೀತು. ಒಂದೆಲಗ ಗದ್ದೆಯ ಬದುವಿನ ಸೊಪ್ಪು. ಅದರ ತಂಬುಳಿ ಊಟಕ್ಕೆ ರುಚಿ, ದೇಹಕ್ಕೆ ತಂಪು. ಅದನ್ನು ಊಟವೆಂದೇ ಉಣ್ಣಿರಿ. ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುವ ರೂಢಿ ಅನೇಕ ಮನೆಗಳಲ್ಲಿದೆ. ಅದು ಹೆಚ್ಚಾದರೆ ದೊಡ್ಡವರಿಗೇ ಭ್ರಮೆ, ವಾಂತಿ, ಎದೆಬಡಿತ ತರುವ ಕಾಯಿ. ಕೂಸು ಅಳುವುದಕ್ಕೆ ಹಸಿವೋ ಹೊಟ್ಟೆನೋವೋ ಕಾರಣವಿರುತ್ತದೆ. ಅದನ್ನು ಹುಡುಕುವುದು ಮೇಲು.

ಅಕ್ಕ ಸುಧಾರಿಸಿದ್ದು

ವೈದ್ಯರು ಅದೇ ಗುಳಿಗೆಯ ಮನೆತನದ ನಿಧಾನದ ಮದ್ದೊಂದನ್ನು ಕೊಟ್ಟು, ಎರಡು ಮೂರು ವಾರಕ್ಕೊಮ್ಮೆ ಚೂರುಚೂರು ಇಳಿಸಿದರು. ಬಿಡಿಸಲು ಆರು ತಿಂಗಳು ಹಿಡಿಯಿತು. ಜೊತೆಗೆ ಸಂಜೆಯ ಚಹಾ ನಿಂತಿತು, ಹಗಲು ಮಲಗುವುದು ನಿಂತಿತು, ದಿನವೂ ಗುಡ್ಡ ಇಳಿದು ಹತ್ತುವ ನಡಿಗೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಮೈಮೇಲಿದ್ದ ಕೈಗಡ ಸಾಲವನ್ನು ಅಣ್ಣತಮ್ಮಂದಿರು ಕೂಡಿ ತೀರಿಸಿದೆವು. ಬಾಗಿಲು ಬಡಿದ ಸಪ್ಪಳ ಬರಿಯ ಭ್ರಮೆಯಾಗಿರಲಿಲ್ಲ, ಸಾಲಗಾರ ನಿಜವಾಗಿಯೂ ಬಂದು ಬಡಿಯುತ್ತಿದ್ದ. ಅದನ್ನು ಅಕ್ಕ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಪುಡಿ ಕೊಡುವ ಮೊದಲು ಒಂದು ಮಾತು ಕೇಳಿದ್ದರೆ!

ಆದುದರಿಂದ ವಾಚಕ ಬಂಧುಗಳೇ, ನಾಲ್ಕು ಮಾತು ಮನಸ್ಸಿನಲ್ಲಿಡಿ. ಒಬ್ಬರ ಗುಳಿಗೆಯನ್ನು ಇನ್ನೊಬ್ಬರು ನುಂಗಬೇಡಿ. ಬಹುದಿನದಿಂದ ನುಂಗುತ್ತಿದ್ದರೆ ತಾವಾಗಿಯೇ ಒಮ್ಮೆಲೇ ಬಿಡಬೇಡಿ. ಬೇರು, ಪುಡಿ, ಕಷಾಯ ಏನನ್ನು ಸೇವಿಸುತ್ತಿದ್ದರೂ ವೈದ್ಯರಿಗೆ ಮುಚ್ಚದೆ ಹೇಳಿ. ಎರಡು ಮೂರು ವಾರ ನಿದ್ದೆಯಿಲ್ಲದಿದ್ದರೆ, ಬದುಕು ಬೇಡವೆನಿಸಿದರೆ ಆ ದಿನವೇ, ವೈದ್ಯರನ್ನು ಕಾಣಿ. ಗೋವೆಯವರಿಗೆ ಬಾಂಬೋಳಿಯಲ್ಲಿ ಸರಕಾರದ ಮನೋವೈದ್ಯ ಸಂಸ್ಥೆಯಿದೆ. ಗಡಿಯ ಈಚೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಅಕ್ಕನ ಕಷ್ಟದ ದಿನಗಳಲ್ಲಿ ಇಲ್ಲದ ಒಂದು ಸೌಕರ್ಯ 2022ರ ಅಕ್ಟೋಬರಿನಿಂದ ಬಂದಿದೆ: ಟೆಲಿ-ಮಾನಸ್. 14416ಕ್ಕೆ ಫೋನು ಮಾಡಿದರೆ ಹಗಲಿರುಳೂ ಖರ್ಚಿಲ್ಲದೆ, ಕನ್ನಡದಲ್ಲಿಯೂ ಸಲಹೆ ಸಿಗುತ್ತದೆ. ಪರರಾಜ್ಯದಲ್ಲಿ ಭಾಷೆ ಬಾರದೆ ರೋಗ ಹೇಳಿಕೊಳ್ಳಲಾರದ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ.

ಈ ಸಲದ ಅಶ್ವಗಂಧವೂ ನಮ್ಮ ಹೊಲದಲ್ಲಿ ಚೆನ್ನಾಗಿ ಬಂದಿದೆ. ಬೇರೆಲ್ಲ ವ್ಯಾಪಾರಿಗೆ ಹೋಗುತ್ತದೆ. ಅಕ್ಕನ ಮನೆಗೆ ಹೋಗುವಾಗ ಜೋಳದ ಹಿಟ್ಟು, ಶೇಂಗಾ ಚಟ್ನಿ ಮಾತ್ರ ಒಯ್ಯುತ್ತೇವೆ. ಕುಳಿತು ಒಂದು ತಾಸು ಅವಳ ಮಾತು ಕೇಳಿ ಬರುತ್ತೇವೆ.