ಶಿಲೀಂಧ್ರ ಬೆಳೆಸಿದ ಹುಲ್ಲು ಮೇವಾದೀತೇ?

ಪ್ರಶ್ನೆ: ಒಣಹುಲ್ಲಿನ ಮೇಲೆ ಶಿಲೀಂಧ್ರ ಬೆಳೆಸಿದರೆ ಒಳ್ಳೆಯ ಮೇವಾಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ, ಆದರೆ ಎಲ್ಲ ಶಿಲೀಂಧ್ರಗಳಿಂದಲೂ ಅಲ್ಲ. ಹುಲ್ಲಿನ ಸೆಲ್ಯುಲೋಸನ್ನು ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಕರಗಿಸಬಲ್ಲವು. ಅಡ್ಡಬರುವುದು ಲಿಗ್ನಿನ್. ಇಟ್ಟಿಗೆಗಳ ನಡುವಿನ ಗಾರೆಯಂತೆ ಅದು ಸೆಲ್ಯುಲೋಸ್ ಎಳೆಗಳನ್ನು ಬಿಗಿದಿರುತ್ತದೆ. ಅದನ್ನು ಒಡೆಯುವ ಕಿಣ್ವಗಳು ಇರುವುದು ಚಿಪ್ಪು ಅಣಬೆಯಂಥ ‘ಬಿಳಿ ಕೊಳೆ’ ಶಿಲೀಂಧ್ರಗಳಲ್ಲಿ.

ದಕ್ಷಿಣ ಚಿಲಿಯ ಮಳೆಕಾಡುಗಳಲ್ಲಿ ಪ್ರಕೃತಿಯೇ ಇದನ್ನು ಮಾಡಿ ತೋರಿಸಿದೆ. ಇಂಥ ಶಿಲೀಂಧ್ರ ಹಿಡಿದು ಬೆಳ್ಳಗೆ, ಮೆತ್ತಗಾದ ಮರದ ದಿಮ್ಮಿಗೆ ಅಲ್ಲಿ ‘ಪಾಲೊ ಪೊದ್ರಿದೊ’ ಎನ್ನುತ್ತಾರೆ. ದನಗಳು ಅದನ್ನು ತಿನ್ನುತ್ತವೆ. ಮರವೇ ಮೇವಾಗುವ ಈ ಸಂಗತಿ ನನಗಂತೂ ಇಂದಿಗೂ ಬೆರಗು.

ನಮ್ಮಲ್ಲಿ, ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಯೂರಿಯಾ ಬೆರೆಸಿ ಮುಚ್ಚಿಟ್ಟ ಒಣಹುಲ್ಲಿನ ಮೇಲೆ ಕೊಪ್ರಿನಸ್ ಶಿಲೀಂಧ್ರ ಬೆಳೆಸುವ ವಿಧಾನ ರೂಪುಗೊಂಡಿತು. ಯೂರಿಯಾದಿಂದ ಹೊರಡುವ ಅಮೋನಿಯಾವನ್ನು ಶಿಲೀಂಧ್ರ ತನ್ನ ಪ್ರೋಟೀನಾಗಿ ಮಾಡಿಕೊಳ್ಳುತ್ತದೆ.

ತೊಡಕೂ ಇದೆ. ಶಿಲೀಂಧ್ರ ಲಿಗ್ನಿನ್ ಜೊತೆಗೆ, ಹಸುವಿಗೆ ಸಿಗಬೇಕಾದ ಸತ್ವವನ್ನೂ ತಿಂದು ಬೆಳೆಯುತ್ತದೆ. ಹೆಚ್ಚು ದಿನ ಬಿಟ್ಟರೆ ಹುಲ್ಲಿನ ತೂಕ ಇಳಿಯುತ್ತದೆ. ಹಾಗಾಗಿ ಅಣಬೆ ಕೊಯ್ದು ಉಳಿದ ಹುಲ್ಲೆಲ್ಲವೂ ಉತ್ತಮ ಮೇವಲ್ಲ. ಬೇಡದ ಬೂಸ್ಟು ಸೇರದಂತೆ ಹುಲ್ಲನ್ನು ಮೊದಲು ಬಿಸಿನೀರಿನಲ್ಲೋ ಹಬೆಯಲ್ಲೋ ಹದ ಮಾಡಬೇಕು. ರೈತರ ಕೊಟ್ಟಿಗೆಗೆ ಈ ವಿಧಾನ ಅಷ್ಟಾಗಿ ಬಾರದಿರಲು ಈ ಖರ್ಚೂ ಒಂದು ಕಾರಣ.

ಒಂದು ಎಚ್ಚರಿಕೆ: ಮಳೆಗೆ ನೆನೆದು ತಾನಾಗಿಯೇ ಹಸಿರು, ಕಪ್ಪು ಬೂಸ್ಟು ಹಿಡಿದ ಹುಲ್ಲನ್ನು ದಯವಿಟ್ಟು ಹಾಕಬೇಡಿ. ಕೆಲವು ಬೂಸ್ಟುಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ವಿಷ ಹಸುವನ್ನು ಕಾಡುವುದಲ್ಲದೆ ಹಾಲಿಗೂ ಇಳಿಯುತ್ತದೆ.